ಮಂಡಿ ಹೋದ್ರೆ ಸೀಟು ಯಾರದ್ದು? ಅಮೆರಿಕದ ಕಾಲೇಜು ಫುಟ್‌ಬಾಲ್ ಮತ್ತು ಅಭಿಮಾನಿಗಳ ಆಸ್ಪತ್ರೆ ಮಾತು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ಕಥೆ ದೂರದ್ದು. ನಮ್ಮಲ್ಲಿ ಬಹಳ ಜನ ಒಂದು ಮ್ಯಾಚೂ ಪೂರ್ತಿ ನೋಡಿರದ ಆಟದ್ದು: ಅಮೆರಿಕದ ಕಾಲೇಜು ಫುಟ್‌ಬಾಲ್. ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡ್ಕೊಂಡು ಗುದ್ದಾಡ್ತಾರಲ್ಲ, ಅದು. ಆದ್ರೆ ಕಥೆ ಶುರುವಾಗೋದು ದಾವಣಗೆರೆಯಲ್ಲಿ, ನಮ್ಮ ಮನೆ ಊಟದ ಮೇಜಿನ ಮೇಲೆ.

ನನ್ನ ಭಾವ ಇರೋದು ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಹೋಗಿ ಹದಿನಾಲ್ಕು ವರ್ಷ ಆಯ್ತು. ಇಲ್ಲಿದ್ದಾಗ ಕ್ರಿಕೆಟ್ ಹುಚ್ಚು, ಅಲ್ಲಿ ಹೋದ ಮೇಲೆ ಓಹಾಯೋ ಸ್ಟೇಟ್ ಫುಟ್‌ಬಾಲ್ ಹುಚ್ಚು. ಕೆಲವು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ಅಕ್ಕ, ಭಾವ ಊರಿಗೆ ಬಂದಿದ್ರು. ಒಂದು ಬುಧವಾರ ಸಂಜೆ ಐದೂವರೆಗೆ ಸರಿಯಾಗಿ ಭಾವ ಲ್ಯಾಪ್‌ಟಾಪ್ ತೆಗೆದು ಕೂತ್ರು. ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ. ಪರದೆ ಮೇಲೆ ನಾಲ್ಕು ಜನ ಅಮೆರಿಕನ್ನರು, ಅಲ್ಲಿ ಆಗ ಬೆಳಗ್ಗೆ ಏಳು ಗಂಟೆ, ಎಲ್ಲರ ಕೈಯಲ್ಲೂ ಕಾಫಿ. ಒಬ್ರು ನಿವೃತ್ತ ಪೋಸ್ಟ್‌ಮ್ಯಾನ್, ಒಬ್ರು ಶಾಲೆ ಮೇಷ್ಟ್ರು.

"ಏನ್ ಭಾವ, ಮ್ಯಾಚಾ?" ಅಂದೆ.

"ಮ್ಯಾಚಲ್ಲ, ಸೈನಿಂಗ್ ಡೇ" ಅಂದ್ರು. ಹೈಸ್ಕೂಲ್ ಹುಡುಗರು ಯಾವ ಕಾಲೇಜಿಗೆ ಆಡ್ತೀವಿ ಅಂತ ಸಹಿ ಹಾಕೋ ದಿನ.

ನಾನೂ ಕೂತ್ಕೊಂಡೆ. ಮೊದಲ ಹತ್ತು ನಿಮಿಷ ಬರೀ ಆಟದ ಮಾತು. ಈ ಹುಡುಗ ಆರಡಿ ನಾಲ್ಕಿಂಚು, ಅವನ ಓಟ ಎಷ್ಟು ಸೆಕೆಂಡು, ಇನ್ನೊಬ್ಬನಿಗೆ ಹೋದ ವರ್ಷ ಎಸಿಎಲ್ ಹರಿದಿತ್ತು, ಮಂಡಿ ವಾಸಿ ಆಗಿದೆಯೋ ಇಲ್ವೋ. ಅಲ್ಲಿಂದ ಮೇಷ್ಟ್ರ ಮಂಡಿಗೆ ಬಂತು. ಮೇಷ್ಟ್ರ ಮಂಡಿಯಿಂದ ಇನ್ನೊಬ್ಬರ ಹೆಂಡತಿಯ ಕೀಮೋಗೆ. ಅಲ್ಲಿಂದ ಇನ್ಶೂರೆನ್ಸ್ ಕಂಪನಿ ಯಾವ ಸ್ಕ್ಯಾನ್‌ಗೆ ದುಡ್ಡು ಕೊಡಲ್ಲ ಅನ್ನೋದಕ್ಕೆ. ಅರ್ಧ ಗಂಟೆಯಲ್ಲಿ ಅದು ಫುಟ್‌ಬಾಲ್ ಮಾತಾಗಿ ಉಳಿದಿರಲಿಲ್ಲ, ಆಸ್ಪತ್ರೆಯ ಹೊರಗಿನ ಬೆಂಚಿನ ಮಾತಾಗಿತ್ತು.

ಆಗ ಪೋಸ್ಟ್‌ಮ್ಯಾನ್ ನಮ್ಮ ಭಾವನ್ನ ಒಂದು ಪ್ರಶ್ನೆ ಕೇಳಿದ್ರು. ಭಾವ ಗಡಿಬಿಡಿಯಲ್ಲಿ ಮ್ಯೂಟ್ ಒತ್ತಿದ್ರು. ಅದೇನು ಪ್ರಶ್ನೆ ಅಂತ ಕೊನೇಲಿ ಹೇಳ್ತೀನಿ. ನನಗೆ ಅವತ್ತು ತಲೆಗೆ ಹೊಕ್ಕಿದ್ದು ಬೇರೆ ವಿಷಯ. ಆಟಗಾರರ ಆಯ್ಕೆಯಿಂದ ಶುರುವಾದ ಮಾತು ಆಸ್ಪತ್ರೆಗೆ ಯಾಕೆ ಹೋಗುತ್ತೆ? ಹುಡುಕ್ತಾ ಹೋದ ಹಾಗೆ ಗೊತ್ತಾಗಿದ್ದು, ಇದು ದಾರಿ ತಪ್ಪಿದ ಮಾತಲ್ಲ ಅಂತ. ಈ ಆಟದ ಚರಿತ್ರೆಯೇ ಅರ್ಧ ಮೆಡಿಕಲ್ ಫೈಲು.

1905: ಸಾವಿನ ಲೆಕ್ಕದಿಂದ ಹುಟ್ಟಿದ ಸಂಸ್ಥೆ

1905ರಲ್ಲಿ ಅಮೆರಿಕದಲ್ಲಿ ಫುಟ್‌ಬಾಲ್ ಆಡ್ತಾ ಕನಿಷ್ಠ 18 ಜನ ಸತ್ತರು. ಬಹುಪಾಲು ಶಾಲಾ ಹುಡುಗರು. ಆಗ ಚೆಂಡನ್ನ ಮುಂದಕ್ಕೆ ಎಸೆಯೋ ಹಾಗಿರಲಿಲ್ಲ. ಒಬ್ಬರಿಗೊಬ್ಬರು ಅಂಟಿಕೊಂಡು ಗುಂಪಾಗಿ ನುಗ್ಗೋದು, ಅಷ್ಟೇ ಆಟ. ತಲೆಗೆ ಸರಿಯಾದ ರಕ್ಷಣೆ ಇಲ್ಲ.

ಆಗಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್. ಅವರ ಮಗನೇ ಹಾರ್ವರ್ಡ್‌ನಲ್ಲಿ ಆಡ್ತಾ ಅದೇ ವರ್ಷ ಮೂಗು ಮುರಿಸಿಕೊಂಡ. ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಾಲೇಜಿನವರನ್ನ ಶ್ವೇತಭವನಕ್ಕೆ ಕರೆಸಿ, ಆಟ ಸರಿಮಾಡ್ಕೊಳ್ಳಿ ಅಂದ್ರು. ಮರುವರ್ಷ, ಅಂದ್ರೆ 1906ರಲ್ಲಿ, ಚೆಂಡು ಮುಂದಕ್ಕೆ ಎಸೆಯೋದು ನಿಯಮಕ್ಕೆ ಬಂತು. ಕಾಲೇಜುಗಳೆಲ್ಲ ಸೇರಿ ಒಂದು ಸಂಘ ಮಾಡ್ಕೊಂಡ್ವು. 1910ರಲ್ಲಿ ಅದಕ್ಕೆ ಇಟ್ಟ ಹೆಸರೇ ಎನ್‌ಸಿಎಎ. ಇವತ್ತಿಗೂ ಅಲ್ಲಿನ ಕಾಲೇಜು ಕ್ರೀಡೆಯ ದೊಡ್ಡಣ್ಣ ಅದೇ.

ಗಮನಿಸಿ, ಸಂಘ ಹುಟ್ಟಿದ್ದು ಹುಡುಗರು ಸಾಯ್ತಿದಾರೆ ಅನ್ನೋ ಕಾರಣಕ್ಕೆ. ಆದ್ರೆ ಐವತ್ತು ವರ್ಷದ ನಂತರ ಅದರ ಮುಂದೆ ಬಂದ ಪ್ರಶ್ನೆ ಬೇರೆ: ಗಾಯ ಆದ್ರೆ ದುಡ್ಡು ಯಾರು ಕೊಡ್ಬೇಕು?

ಒಂದೇ ರಾಜ್ಯ, ಎರಡು ತೀರ್ಪು

ಇಲ್ಲಿ ನನ್ನ ಬಿ.ಕಾಂ ತಲೆ ಸ್ವಲ್ಪ ಚುರುಕಾಗುತ್ತೆ, ಕ್ಷಮಿಸಿ.

ಕೊಲರಾಡೋ ರಾಜ್ಯ. ಡೆನ್ವರ್ ವಿಶ್ವವಿದ್ಯಾಲಯದಲ್ಲಿ ಅರ್ನೆಸ್ಟ್ ನೆಮೆತ್ ಅನ್ನೋ ಆಟಗಾರ. ಕ್ಯಾಂಪಸ್‌ನ ಟೆನಿಸ್ ಅಂಕಣ ನೋಡ್ಕೊಳ್ಳೋ ಕೆಲಸ ಕೊಟ್ಟಿದ್ರು, ತಿಂಗಳಿಗೆ 50 ಡಾಲರ್. ಅಭ್ಯಾಸದಲ್ಲಿ ಬೆನ್ನಿಗೆ ಪೆಟ್ಟಾಯ್ತು. ಕೆಲಸಗಾರರಿಗೆ ಸಿಗೋ ಪರಿಹಾರ ನನಗೂ ಕೊಡಿ ಅಂದ. ಕಾಲೇಜು ಹೇಳ್ತು, ಆಡ್ತಾ ಆದ ಗಾಯ, ಕೆಲಸದಲ್ಲಿ ಆಗಿದ್ದಲ್ಲ. 1953ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ನೆಮೆತ್ ಪರ ನಿಂತಿತು. ಫುಟ್‌ಬಾಲ್ ಆಡ್ತಾನೆ ಅಂತಾನೇ ತಾನೇ ಆ ಕೆಲಸ ಕೊಟ್ಟಿದ್ದು? ಹಾಗಾದ್ರೆ ಅವನು ನೌಕರ.

ಎರಡೇ ವರ್ಷ. 1955ರಲ್ಲಿ ಅದೇ ರಾಜ್ಯದ ಫೋರ್ಟ್ ಲೂಯಿಸ್ ಅನ್ನೋ ಸಣ್ಣ ಕಾಲೇಜಿನ ರೇ ಡೆನಿಸನ್ ಆಟದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಮನೇಲಿ ಹೆಂಡತಿ, ಮೂರು ಮಕ್ಕಳು. ಹೆಂಡತಿ ಪರಿಹಾರ ಕೇಳಿದಳು. 1957ರಲ್ಲಿ ಅದೇ ಕೋರ್ಟು ಇಲ್ಲ ಅಂತು. ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡ್ತಿಲ್ಲ, ಆದ್ದರಿಂದ ಡೆನಿಸನ್ ನೌಕರನಲ್ಲ. ಆಕೆಗೆ ಏನೂ ಸಿಗಲಿಲ್ಲ.

ಇದೇ ಕಾಲಕ್ಕೆ ಎನ್‌ಸಿಎಎ ಒಂದು ಪದವನ್ನ ಗಟ್ಟಿಯಾಗಿ ಹಿಡೀತು: 'ಸ್ಟೂಡೆಂಟ್ ಅಥ್ಲೀಟ್', ವಿದ್ಯಾರ್ಥಿ ಕ್ರೀಡಾಪಟು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆಗ ಆ ಸಂಸ್ಥೆ ನಡೆಸ್ತಿದ್ದ ವಾಲ್ಟರ್ ಬೈಯರ್ಸ್, ನಿವೃತ್ತಿ ಆದ ಮೇಲೆ 1995ರಲ್ಲಿ ಬರೆದ ಪುಸ್ತಕದಲ್ಲಿ ನೇರವಾಗಿ ಒಪ್ಕೊಂಡ್ರು. ಆಟಗಾರರನ್ನ ಕೋರ್ಟುಗಳು ನೌಕರರು ಅಂತ ಕರೆದುಬಿಟ್ರೆ ಅನ್ನೋ ಭಯದಿಂದಲೇ ಆ ಪದವನ್ನ ಹುಟ್ಟು ಹಾಕಿದ್ದು ಅಂತ. ಒಂದು ಪದದ ಕೆಲಸ ನೋಡಿ.

1973ರಲ್ಲಿ ಇನ್ನೊಂದು ಬದಲಾವಣೆ. ಅಲ್ಲೀವರೆಗೆ ನಾಲ್ಕು ವರ್ಷದ ಸ್ಕಾಲರ್‌ಶಿಪ್ ಕೊಡಬಹುದಿತ್ತು. ಆ ವರ್ಷದಿಂದ ಅದು ಒಂದು ವರ್ಷದ್ದಾಯ್ತು. ಪ್ರತಿ ವರ್ಷ ರಿನ್ಯೂ ಆಗ್ಬೇಕು. ಮಾಡೋದು ಬಿಡೋದು ಕೊನೆಗೆ ಕೋಚ್ ಕೈಯಲ್ಲಿ. ಮಂಡಿ ಹೋದ್ರೆ ಮುಂದಿನ ವರ್ಷ ಸೀಟು ಇರುತ್ತೋ ಇಲ್ವೋ ಅನ್ನೋ ಗ್ಯಾರಂಟಿ ಹೋಯ್ತು. ಒಂದಕ್ಕಿಂತ ಹೆಚ್ಚು ವರ್ಷದ ಸ್ಕಾಲರ್‌ಶಿಪ್ ಮತ್ತೆ ಕೊಡೋಕೆ ಅವಕಾಶ ಸಿಕ್ಕಿದ್ದು 2012ರಲ್ಲಿ. ಚೆನ್ನಾಗಿ ಆಡ್ತಿಲ್ಲ ಅನ್ನೋ ಕಾರಣಕ್ಕೆ ಕಿತ್ಕೊಳ್ಳಬಾರದು ಅಂತ ದೊಡ್ಡ ಐದು ಕಾನ್ಫರೆನ್ಸ್‌ಗಳು ತೀರ್ಮಾನ ಮಾಡಿದ್ದು 2015ರಲ್ಲಿ. ನಡುವೆ ನಲವತ್ತು ವರ್ಷ.

ಇಲ್ಲಿ ನನ್ನದೂ ಒಂದು ಮಾತು. ನಾನು ಡಿಗ್ರಿಗೆ ಸೇರಿದ್ದು ಕ್ರೀಡಾ ಕೋಟಾದಲ್ಲಿ, ಕಬಡ್ಡಿಗೆ. ಹಾಸ್ಟೆಲ್ ಫೀಸು ಮಾಫಿ. ಎರಡನೇ ವರ್ಷ ಅಂತರ ಕಾಲೇಜು ಪಂದ್ಯದಲ್ಲಿ ರೈಡ್ ಹೋದಾಗ ಮಂಡಿ ತಿರುಚಿ ಲಿಗಮೆಂಟ್ ಹರೀತು. ಟಕ್ ಅಂತ ಒಂದು ಶಬ್ದ, ಇವತ್ತಿಗೂ ಕಿವೀಲಿದೆ. ಅಪ್ಪ ಅಮ್ಮನ ಬಳೆ ಅಡ ಇಟ್ಟು ಆಪರೇಷನ್ ಮಾಡಿಸಿದ್ರು. ಮೂರನೇ ವರ್ಷದ ಶುರುವಲ್ಲಿ ಆಫೀಸಿನ ಕಿಟಕಿ ಹತ್ರ ಹೋದ್ರೆ, "ಈ ವರ್ಷ ನಿಮ್ಮ ಹೆಸರು ಲಿಸ್ಟಲ್ಲಿಲ್ಲ, ಫೀಸು ಕಟ್ಟಿ" ಅಂದ್ರು. ಅಷ್ಟೇ. ಯಾರೂ ಬೈಲಿಲ್ಲ, ಯಾರೂ ಅಯ್ಯೋ ಅನ್ನಲೂ ಇಲ್ಲ. ಹಾಗಾಗಿ 1973ರ ಆ ನಿಯಮ ಓದಿದಾಗ ನನಗೆ ಅದು ದೂರದ ದೇಶದ್ದು ಅನ್ನಿಸಲಿಲ್ಲ.

ಅಭಿಮಾನಿಗೆ ಯಾಕೆ ಇಷ್ಟು ವಿವರ?

ಸರಿ, ಅಭಿಮಾನಿಗಳು ಇದರೊಳಗೆ ಎಲ್ಲಿ ಬಂದ್ರು?

ನಮ್ಮ ಐಪಿಎಲ್ ಹರಾಜು ನೆನಪು ಮಾಡ್ಕೊಳ್ಳಿ. ಅಲ್ಲಿ ಆಟಗಾರ ದೊಡ್ಡವನು, ದುಡ್ಡು ಎಲ್ಲರ ಕಣ್ಮುಂದೆ. ಅಮೆರಿಕದ ಕಾಲೇಜಲ್ಲಿ ಹರಾಜಿಲ್ಲ, ಓಲೈಕೆ ಇದೆ. ಹದಿನಾರು ಹದಿನೇಳರ ಹುಡುಗನ ಮನೆಗೆ ದೊಡ್ಡ ದೊಡ್ಡ ಕೋಚ್‌ಗಳು ಬಂದು ಸೋಫಾ ಮೇಲೆ ಕೂತು, ಅವರಮ್ಮನ ಜೊತೆ ಊಟ ಮಾಡಿ, ನಮ್ಮ ಕಾಲೇಜಿಗೆ ಕಳಿಸಿ ಅಂತಾರೆ. 1964ರಲ್ಲಿ 'ನ್ಯಾಷನಲ್ ಲೆಟರ್ ಆಫ್ ಇಂಟೆಂಟ್' ಅನ್ನೋ ಪತ್ರ ಬಂತು. ಒಮ್ಮೆ ಸಹಿ ಹಾಕಿದ ಮೇಲೆ ಬೇರೆ ಕಾಲೇಜುಗಳು ಹಿಂದೆ ಬೀಳೋ ಹಾಗಿಲ್ಲ. ಫೆಬ್ರವರಿಯ ಮೊದಲ ಬುಧವಾರ ಒಂದು ಹಬ್ಬವೇ ಆಯ್ತು. ಕಾಲೇಜಿನ ಕಚೇರಿಯಲ್ಲಿ ಫ್ಯಾಕ್ಸ್ ಯಂತ್ರದ ಮುಂದೆ ಕಾದು ಕೂರೋದು. 2017ರಿಂದ ಡಿಸೆಂಬರ್‌ನಲ್ಲೂ ಸಹಿ ಹಾಕಬಹುದು ಅಂದ್ರು, ಹಬ್ಬ ಅಲ್ಲಿಗೆ ಜರುಗಿತು. ಭಾವನ ಮಂಡಕ್ಕಿ ಮಿರ್ಚಿ ಬುಧವಾರ ಅದೇ. 2024ರಲ್ಲಿ ಆ ಪತ್ರವನ್ನೇ ರದ್ದು ಮಾಡಿದ್ರು, ಸಹಿ ಹಾಕೋ ದಿನ ಮಾತ್ರ ಉಳೀತು.

ಅಭಿಮಾನಿಗಳಿಗೆ ಈ ಹುಡುಗರ ಮಾಹಿತಿ ಬೇಕಿತ್ತು. ಇಂಟರ್‌ನೆಟ್ ಬರೋ ಮೊದಲು ಇದಕ್ಕಾಗಿಯೇ ಪತ್ರಿಕೆಗಳಿದ್ವು, ನಿಮಿಷಕ್ಕಿಷ್ಟು ಅಂತ ದುಡ್ಡು ಕೊಟ್ಟು ಕೇಳೋ ಫೋನ್ ನಂಬರ್‌ಗಳಿದ್ವು. ಆಮೇಲೆ ನಕ್ಷತ್ರಗಳು ಬಂದ್ವು. ಮೂರು ಸ್ಟಾರ್ ಹುಡುಗ, ಐದು ಸ್ಟಾರ್ ಹುಡುಗ, ಹೋಟೆಲ್ ತರಹ.

ಈಗ ಯೋಚನೆ ಮಾಡಿ. ಈ ಹುಡುಗ ಇನ್ನೂ ಕಾಲೇಜು ಆಟ ಒಂದೂ ಆಡಿಲ್ಲ. ಅವನ ಬಗ್ಗೆ ಮಾತಾಡೋಕೆ ಏನಿದೆ? ದೇಹ. ಎತ್ತರ, ತೂಕ, ಭುಜ, ಮಂಡಿ. ರಿಕ್ರೂಟಿಂಗ್ ಮಾತು ಅಂದ್ರೆ ಮೊದಲಿಂದಲೂ ದೇಹದ ಮಾತೇ. ಐವತ್ತು ದಾಟಿದ ಮನುಷ್ಯ ಹದಿನೇಳರ ಹುಡುಗನ ಮಂಡಿ ಬಗ್ಗೆ ಮಾತಾಡ್ತಾ ಮಾತಾಡ್ತಾ ಕೈಯನ್ನ ತನ್ನ ಮಂಡಿ ಮೇಲೆ ಇಡ್ತಾನೆ. ಅಲ್ಲಿಂದ ಮಾತು ತಿರುಗೋದು ಸಹಜ.

ಹೆಸರು ಹೇಳದ ಕಾಯಿಲೆ, ಹೆಸರು ಹೇಳಿದ ಹುಡುಗ

ಮೂರು ಜನರ ಕಥೆ ಹೇಳ್ತೀನಿ.

ಮೊದಲನೆಯವರು ಅರ್ನಿ ಡೇವಿಸ್. ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಊರಿನ ಹುಡುಗ. ಅವರನ್ನ ಸಿರಾಕ್ಯೂಸ್ ಕಾಲೇಜಿಗೆ ಕರೆತರೋಕೆ ಅಲ್ಲಿ ಆಡಿ ಹೆಸರು ಮಾಡಿದ್ದ ಜಿಮ್ ಬ್ರೌನ್ ಅವರೇ ಮಾತಾಡಿದ್ರು. ಬ್ರೌನ್ ಹಾಕಿದ್ದ 44 ನಂಬರ್ ಜೆರ್ಸಿಯನ್ನೇ ಡೇವಿಸ್‌ಗೆ ಕೊಟ್ರು. 1961ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ ಹೈಸ್‌ಮನ್ ಟ್ರೋಫಿ ಗೆದ್ದ ಮೊದಲ ಕಪ್ಪು ಆಟಗಾರ ಅವರು. ವೃತ್ತಿಪರ ತಂಡಗಳ ಆಯ್ಕೆಯಲ್ಲೂ ಮೊದಲ ಹೆಸರು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ ಹೋದ್ರು, ಅದೂ ಓಹಾಯೋದಲ್ಲೇ.

1962ರ ಬೇಸಿಗೆಯಲ್ಲಿ ಆಸ್ಪತ್ರೆ ಸೇರಿದ್ರು. ಲ್ಯುಕೇಮಿಯಾ, ರಕ್ತದ ಕ್ಯಾನ್ಸರ್. ಆದ್ರೆ ಅವರಿಗೆ ಮೊದಲು ಹೇಳಿದ್ದು ರಕ್ತದ ತೊಂದರೆ ಅಂತಷ್ಟೇ. ಕಾಯಿಲೆಯ ಹೆಸರು ಅವರಿಗೆ ಗೊತ್ತಾಗಿದ್ದು ಕೆಲವು ತಿಂಗಳ ಮೇಲೆ. ಇದು ನಿಮಗೆ ಎಲ್ಲೋ ಕೇಳಿದ ಹಾಗಿದೆಯಾ? ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ. "ಅಜ್ಜಿಗೆ ಹೇಳ್ಬೇಡಿ, ಗಂಟು ಅಂತ ಹೇಳಿದೀವಿ." ಡೇವಿಸ್ ಒಂದೇ ಒಂದು ವೃತ್ತಿಪರ ಪಂದ್ಯವನ್ನೂ ಆಡಲಿಲ್ಲ. 1963ರ ಮೇ 18ರಂದು ತೀರಿಕೊಂಡಾಗ ಅವರಿಗೆ 23 ವರ್ಷ. ಅದಕ್ಕೆ ಎರಡು ತಿಂಗಳ ಮುಂಚೆ ಒಂದು ಪತ್ರಿಕೆಯಲ್ಲಿ ಅವರ ಬರಹ ಬಂತು. ನಾನು ದುರದೃಷ್ಟವಂತ ಅಲ್ಲ ಅನ್ನೋದು ಅದರ ಸಾರ.

ಎರಡನೆಯವರು ಜೇಮ್ಸ್ ಕಾನರ್. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ. ರಿಕ್ರೂಟ್ ಆಗಿ ಬಂದಾಗ ಐದು ಸ್ಟಾರ್ ಏನಲ್ಲ. 2014ರಲ್ಲಿ 26 ರಶಿಂಗ್ ಟಚ್‌ಡೌನ್ ಹೊಡೆದು ಎಲ್ಲರ ಕಣ್ಣಿಗೆ ಬಿದ್ರು. 2015ರ ಸೆಪ್ಟೆಂಬರ್‌ನಲ್ಲಿ ಮಂಡಿಯ ಲಿಗಮೆಂಟ್ ಹರೀತು. ಎಲ್ಲರ ಪ್ರಶ್ನೆ, ಮಂಡಿ ಯಾವಾಗ ವಾಸಿ ಆಗುತ್ತೆ? ಮಂಡಿಗೆ ವ್ಯಾಯಾಮ ಮಾಡ್ತಾ ಇದ್ದಾಗ ಸುಸ್ತು, ಮುಖ ಊದೋದು. ಪರೀಕ್ಷೆ ಮಾಡಿಸಿದ್ರೆ ಹಾಡ್ಜ್‌ಕಿನ್ಸ್ ಲಿಂಫೋಮಾ. ಮಂಡಿ ಚಿಕ್ಕದಾಗಿಬಿಡ್ತು. ಆ ಡಿಸೆಂಬರ್‌ನಲ್ಲಿ ಅವರೇ ಪತ್ರಕರ್ತರ ಮುಂದೆ ಬಂದು, ಕಾಯಿಲೆಯ ಹೆಸರು ಹೇಳಿ, ಮತ್ತೆ ಆಡ್ತೀನಿ ಅಂದ್ರು. ಕೀಮೋ ಮುಗೀತು, 2016ರ ಮೇನಲ್ಲಿ ಕ್ಯಾನ್ಸರ್ ಇಲ್ಲ ಅಂದ್ರು ವೈದ್ಯರು, ಸೆಪ್ಟೆಂಬರ್‌ನಲ್ಲಿ ಮೈದಾನದಲ್ಲಿದ್ರು. ಮರುವರ್ಷ ವೃತ್ತಿಪರ ತಂಡಕ್ಕೆ ಆಯ್ಕೆ.

ಡೇವಿಸ್‌ಗೂ ಕಾನರ್‌ಗೂ ನಡುವೆ ಐವತ್ತು ಚಿಲ್ಲರೆ ವರ್ಷ. ಆ ನಡುವೆ ಔಷಧಿ ಬದಲಾಯ್ತು, ಕಾಯಿಲೆಗಳೂ ಬೇರೆ ಬೇರೆ, ಒಂದಕ್ಕೊಂದು ಹೋಲಿಸೋ ಹಾಗಿಲ್ಲ. ನಾನು ಹೇಳ್ತಿರೋದು ಮಾತಿನ ಬಗ್ಗೆ. ಒಬ್ಬರಿಗೆ ತಮ್ಮ ಕಾಯಿಲೆಯ ಹೆಸರೇ ಹೇಳಿರಲಿಲ್ಲ. ಇನ್ನೊಬ್ಬರು ಅದನ್ನ ಮೈಕ್ ಮುಂದೆ ತಾವೇ ಹೇಳಿದ್ರು. ಇಪ್ಪತ್ತರ ಆಟಗಾರ ಕ್ಯಾನ್ಸರ್ ಅಂತ ಬಾಯಿಬಿಟ್ಟು ಹೇಳಿದ ಮೇಲೆ ಟಿವಿ ಮುಂದೆ ಕೂತಿರೋ ಅಭಿಮಾನಿಗೂ ತನ್ನದನ್ನ ಹೇಳೋಕೆ ಒಂದು ದಾರಿ ಸಿಗುತ್ತೆ.

ಮೂರನೆಯವರು ಆಟಗಾರ ಅಲ್ಲ, ಅಭಿಮಾನಿ. ಟೈಲರ್ ಟ್ರೆಂಟ್, ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಹದಿಹರೆಯದಿಂದ ಮೂಳೆ ಕ್ಯಾನ್ಸರ್. ಕೀಮೋ ಮುಗಿಸಿಕೊಂಡು ಬಂದು ಮ್ಯಾಚ್ ಟಿಕೆಟ್‌ಗೆ ಟೆಂಟ್ ಹಾಕಿ ಮಲಗಿದ ಹುಡುಗ. 2018ರ ಅಕ್ಟೋಬರ್ 20ರಂದು ಪರ್ಡ್ಯೂ ಎದುರು ಬಂದಿದ್ದು ದೇಶದಲ್ಲಿ ಎರಡನೇ ರ‍್ಯಾಂಕಿನ ಓಹಾಯೋ ಸ್ಟೇಟ್, ಅಂದ್ರೆ ನಮ್ಮ ಭಾವನ ತಂಡ. ಪರ್ಡ್ಯೂ ಗೆಲ್ಲುತ್ತೆ ಅಂದ ಟೈಲರ್. ಗೆದ್ದೇಬಿಡ್ತು, 49–20. ಅವನು ಗಾಲಿಕುರ್ಚಿಯಲ್ಲಿ ಮೈದಾನದಲ್ಲೇ ಇದ್ದ. 2019ರ ಜನವರಿ 1ರಂದು ತೀರಿಕೊಂಡ, 20 ವರ್ಷ.

ಭಾವ ಹೇಳ್ತಾರೆ, "ಸೋತಿದ್ದಕ್ಕೆ ಅಷ್ಟು ಕಮ್ಮಿ ಬೇಜಾರಾಗಿದ್ದು ಅದೊಂದೇ ಸಲ."

ಬೆನ್ನು ತಿರುಗಿಸಿ ಕೈ ಬೀಸೋ ಜನ

ಅಯೋವಾ ವಿಶ್ವವಿದ್ಯಾಲಯದ ಕಿನ್ನಿಕ್ ಕ್ರೀಡಾಂಗಣದ ಎದುರಿಗೇ ಒಂದು ಮಕ್ಕಳ ಆಸ್ಪತ್ರೆ ಇದೆ. 2017ರಲ್ಲಿ ಹೊಸ ಕಟ್ಟಡ ಶುರುವಾಯ್ತು. ಮೇಲಿನ ಮಹಡಿಯ ಗಾಜಿನಿಂದ ಮೈದಾನ ಪೂರ್ತಿ ಕಾಣುತ್ತೆ. ಒಬ್ಬ ಅಭಿಮಾನಿ ಹೇಳಿದ ಐಡಿಯಾ ಇದು: ಮೊದಲ ಕ್ವಾರ್ಟರ್ ಮುಗಿದ ತಕ್ಷಣ ಎಲ್ಲರೂ ಆ ಕಿಟಕಿಗಳ ಕಡೆ ತಿರುಗಿ ಕೈ ಬೀಸೋಣ. ಆ ಸೆಪ್ಟೆಂಬರ್‌ನಿಂದ ಪ್ರತಿ ಪಂದ್ಯದಲ್ಲೂ ಸುಮಾರು ಎಪ್ಪತ್ತು ಸಾವಿರ ಜನ ಆಟಕ್ಕೆ ಬೆನ್ನು ಮಾಡಿ ಆಸ್ಪತ್ರೆಗೆ ಕೈ ಬೀಸ್ತಾರೆ. ಆಟಗಾರರು, ಎದುರಾಳಿ ತಂಡ, ಅಂಪೈರ್‌ಗಳೂ ಸೇರಿ. ಮೇಲಿಂದ ಮಕ್ಕಳು ತಿರುಗಿ ಬೀಸ್ತಾರೆ. ವಿಡಿಯೋ ಸಿಗುತ್ತೆ, ನೋಡಿ. ಆದ್ರೆ ಬಸ್ಸಲ್ಲಿ ನೋಡ್ಬೇಡಿ, ಕಣ್ಣು ಒರೆಸ್ಕೋಬೇಕಾಗುತ್ತೆ.

ಇದು ಸುಂದರ, ನಿಜ. ಆದ್ರೆ ಕೈ ಬೀಸೋದ್ರಿಂದ ಬಿಲ್ಲು ಕಟ್ಟಿದ ಹಾಗಾಗಲ್ಲ. ಅಮೆರಿಕದಲ್ಲಿ ಬಹಳ ಜನರ ಆರೋಗ್ಯ ವಿಮೆ ಕೆಲಸಕ್ಕೆ ಅಂಟಿಕೊಂಡಿರುತ್ತೆ. ಕೆಲಸ ಹೋದ್ರೆ ಅದೂ ಹೋಗುತ್ತೆ. ಅದಕ್ಕೇ ಅಲ್ಲಿನ ಕಾಯಿಲೆ ಮಾತಲ್ಲಿ ವೈದ್ಯರಿಗಿಂತ ವಿಮೆಯ ಹೆಸರು ಜಾಸ್ತಿ ಬರುತ್ತೆ. ಆಟಗಾರರ ಕಡೆ ಬಂದ್ರೆ, 2021ರ ಜುಲೈನಿಂದ ಅವರು ತಮ್ಮ ಹೆಸರು, ಮುಖ ಬಳಸಿ ದುಡ್ಡು ಮಾಡಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ದುಡ್ಡು ಹಂಚಬಹುದು. ಆದ್ರೆ ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಯಾರೂ ಸಂಭ್ರಮಿಸದ ಇನ್ನೊಂದು ನಿಯಮ. 2024ರ ಆಗಸ್ಟ್‌ನಿಂದ, ಡಿವಿಷನ್ ಒಂದರ ಕಾಲೇಜುಗಳು ಆಟದಲ್ಲಿ ಆದ ಗಾಯಕ್ಕೆ, ಆಟಗಾರ ಕಾಲೇಜು ಮುಗಿಸಿದ ಮೇಲೂ ಕನಿಷ್ಠ ಎರಡು ವರ್ಷ ವೈದ್ಯಕೀಯ ವೆಚ್ಚದ ಹೊಣೆ ಹೊರಬೇಕು. ಎರಡು ವರ್ಷ. ಮಂಡಿ ಜೀವನಪೂರ್ತಿ ಇರುತ್ತೆ. ನನ್ನದು ಮಳೆಗಾಲದಲ್ಲಿ ಈಗಲೂ ನೋಯುತ್ತೆ. ಆದ್ರೂ ರೇ ಡೆನಿಸನ್ ಹೆಂಡತಿಗೆ ಇಲ್ಲ ಅಂದ ದಿನದಿಂದ ಇಲ್ಲಿಗೆ ಬರೋಕೆ 67 ವರ್ಷ ಬೇಕಾಯ್ತು.

ಈ ನಡುವೆ ಇನ್ನೊಂದು ತಿರುವು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕ್ರೀಡಾ ಬೆಟ್ಟಿಂಗ್‌ಗೆ ಅವಕಾಶ ಕೊಡೋದು ಬಿಡೋದು ರಾಜ್ಯಗಳಿಗೆ ಬಿಟ್ಟಿದ್ದು ಅಂತು. ಈಗ ಆಟಗಾರನ ಮಂಡಿ ಸುದ್ದಿ ದುಡ್ಡಿನ ಸುದ್ದಿಯೂ ಹೌದು. ಕೆಲವು ಕಾನ್ಫರೆನ್ಸ್‌ಗಳು ಯಾರು ಆಡ್ತಾರೆ, ಯಾರು ಆಡಲ್ಲ ಅನ್ನೋ ಪಟ್ಟಿಯನ್ನ ಪಂದ್ಯಕ್ಕೆ ಮೊದಲೇ ಹೊರಗೆ ಹಾಕ್ತಿವೆ. ಒಬ್ಬ ಹುಡುಗನ ನೋವು ಯಾರದೋ ಬೆಟ್ಟಿಂಗ್ ಆ್ಯಪಲ್ಲಿ ಒಂದು ನಂಬರ್ ಆಗುತ್ತೆ. ಇದಕ್ಕೆ ಹೋಲಿಸಿದ್ರೆ ಹುಡುಗನ ಮಂಡಿಯಿಂದ ತಮ್ಮ ಮಂಡಿಗೆ ಬರೋ ಆ ಮೇಷ್ಟ್ರ ಮಾತು ನನಗೆ ಎಷ್ಟೋ ವಾಸಿ ಅನ್ನಿಸುತ್ತೆ.

ಮ್ಯೂಟ್ ಒತ್ತಿದ ಪ್ರಶ್ನೆ

ಭಾವ ಮ್ಯೂಟ್ ಒತ್ತಿದ್ದು ಸ್ವಲ್ಪ ತಡ ಆಗಿತ್ತು. ಪೋಸ್ಟ್‌ಮ್ಯಾನ್ ಕೇಳಿದ್ದು ಅಕ್ಕನ ಕಿವಿಗೆ ಬಿದ್ದಿತ್ತು: "ಆ ಹಾರ್ಟ್ ಟೆಸ್ಟ್ ಮಾಡಿಸಿದ್ಯಾ?"

ಅಕ್ಕ ಅಡುಗೆಮನೆಯಿಂದ ಬಂದು ನಿಂತಳು. "ರೀ, ಯಾವ ಟೆಸ್ಟು?"

ಎರಡು ತಿಂಗಳಿಂದ ಭಾವನಿಗೆ ಮೆಟ್ಟಿಲು ಹತ್ತಿದ್ರೆ ಎದೆ ಹಿಡಿದ ಹಾಗೆ ಆಗ್ತಿತ್ತಂತೆ. ಹೆಂಡತಿಗೆ ಹೇಳಿರಲಿಲ್ಲ. ಅಮ್ಮನಿಗಂತೂ ಇಲ್ಲ. ಹೇಳಿದ್ದು ಈ ನಾಲ್ಕು ಜನಕ್ಕೆ, ಒಂದು ಶನಿವಾರ, ಯಾವುದೋ ಹುಡುಗನ ಭುಜದ ಮಾತು ಬಂದಾಗ. ಪೋಸ್ಟ್‌ಮ್ಯಾನ್‌ಗೆ ಹಿಂದೆ ಎರಡು ಸ್ಟೆಂಟ್ ಹಾಕಿದ್ರಂತೆ, ಅವರಿಗೆ ಲಕ್ಷಣ ಗೊತ್ತಿತ್ತು. ಆವಾಗಿಂದ ಬೆನ್ನು ಬಿದ್ದಿದ್ರು. ಮರುದಿನವೇ ಇಲ್ಲೇ ಊರಲ್ಲಿ ತೋರಿಸಿದ್ವಿ. ಆಂಜಿಯೋಗ್ರಾಂ, ಒಂದು ಸ್ಟೆಂಟ್. ಈಗ ಆರಾಮಾಗಿದಾರೆ.

ಅಕ್ಕನಿಗೆ ಸಿಟ್ಟು ಬಂದಿದ್ದು ಕಾಯಿಲೆಗಲ್ಲ. "ನನಗೆ ಹೇಳದ್ದನ್ನ ಆ ಫುಟ್‌ಬಾಲ್ ಜನಕ್ಕೆ ಹೆಂಗ್ ಹೇಳಿದ್ರಿ?" ಅಂತ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು, "ನಿನಗೆ ಹೇಳಿದ್ರೆ ನೀನು ಹೆದರ್ತಿದ್ದೆ. ಅವರಿಗೆ ಹೇಳಿದ್ರೆ ಮುಂದಿನ ಹುಡುಗನ ಮಾತಿಗೆ ಹೋಗ್ತಿದ್ರು, ನಾನೂ ಹೋಗಬಹುದಿತ್ತು."

ಇದು ಸರಿಯಾದ ಉತ್ತರ ಅಂತ ನಾನು ಹೇಳಲ್ಲ. ಅಕ್ಕನೂ ಒಪ್ಪಲಿಲ್ಲ. ಆದ್ರೆ ನನಗೆ ಅರ್ಥ ಆಯ್ತು, ಯಾಕಂದ್ರೆ ನನ್ನ ಮಂಡಿ ನೋವನ್ನ ನಾನೂ ಮನೇಲಿ ಹೇಳಲ್ಲ. ಕಬಡ್ಡಿ ಜೊತೆಗಾರರು ಸಿಕ್ಕಾಗ, ಪ್ರೊ ಕಬಡ್ಡಿಯಲ್ಲಿ ಯಾರದೋ ಮಂಡಿ ಹೋಯ್ತಂತೆ ಅನ್ನೋ ಮಾತು ಬಂದಾಗ ಮಾತ್ರ ಹೇಳ್ತೀನಿ.

ಈಗ ಸೈನಿಂಗ್ ಡೇ ಬಂದ್ರೆ ಮೊದಲ ಹತ್ತು ನಿಮಿಷ ಅಕ್ಕನೂ ಲ್ಯಾಪ್‌ಟಾಪ್ ಮುಂದೆ ಕೂರ್ತಾಳೆ. ಯಾವ ಹುಡುಗ ಎಷ್ಟು ಸ್ಟಾರ್ ಅಂತ ಅವಳಿಗೆ ಬೇಕಿಲ್ಲ. ಪೋಸ್ಟ್‌ಮ್ಯಾನ್‌ಗೆ ನಮಸ್ಕಾರ ಹೇಳಿ, ಅವರ ಮಾತ್ರೆ ವಿಚಾರಿಸಿ, ಆಮೇಲೆ ಎದ್ದು ಹೋಗ್ತಾಳೆ.

ನಿಮ್ಮ ಗುಂಪಲ್ಲೂ ಇಂಥವರೊಬ್ಬರು ಇರ್ತಾರೆ, ಮ್ಯಾಚ್ ಮಾತಿನ ನಡುವೆ ಮೆಲ್ಲಗೆ ಏನೋ ಹೇಳಿ ವಿಷಯ ಬದಲಾಯಿಸೋರು. ಮುಂದಿನ ಸಲ ಅವರು ಹಾಗೆ ಹೇಳಿದಾಗ ಒಂದೇ ಒಂದು ಪ್ರಶ್ನೆ ಜಾಸ್ತಿ ಕೇಳಿ.